ಮೊದಲ ಸಲ ಸೂಪರ್‌ವೈಸರ್ ಆದವರಿಗೆ: ಕೆಲಸ ಹೇಳುವುದು ಹೀಗೆ

ನಿನ್ನೆಯವರೆಗೆ ಲೇತ್ ಮುಂದೆ ನಿಂತಿದ್ದಿರಿ, ಇವತ್ತಿಂದ ನೀವೇ ಶಿಫ್ಟ್ ಸೂಪರ್‌ವೈಸರ್. ಪೀಣ್ಯದ ಮಷಿನ್ ಶಾಪ್‌ಗಳಲ್ಲಿ ಹೀಗೆ ಮೇಲೆ ಬಂದವರು ಬೇಕಾದಷ್ಟು ಜನ ಇದ್ದಾರೆ. ಕೆಲಸ ಮಾಡುವುದರಲ್ಲಿ ಅವರ ಕೈ ಪಳಗಿರುತ್ತದೆ, ಇನ್ನೊಬ್ಬರಿಗೆ ಕೆಲಸ ಹೇಳುವಾಗ ತಡವರಿಸುತ್ತಾರೆ. ಭಯಪಡಬೇಡಿ. ಇದಕ್ಕೆ ಒಳ್ಳೆಯ ಇಂಗ್ಲಿಷ್ ಬೇಡ, ಗಟ್ಟಿ ದನಿಯೂ ಬೇಡ. ನೀವು ಏನು ಹೇಳಿದಿರಿ ಅನ್ನುವುದಕ್ಕಿಂತ ಎದುರಿನವರು ಏನು ತಿಳಿದುಕೊಂಡರು ಅನ್ನುವುದೇ ಮುಖ್ಯ. ಇಷ್ಟು ನೆನಪಿದ್ದರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ.

ಕಲಿಯಲು ಒಂದು ಜಾಬ್ ಇಟ್ಟುಕೊಳ್ಳೋಣ: 25 ಮಿ.ಮೀ. ಹೊರವ್ಯಾಸದ (ಓಡಿ) 400 ಬುಷ್, ನಾಳೆ ಬೆಳಿಗ್ಗೆ 10ಕ್ಕೆ ಡಿಸ್ಪ್ಯಾಚ್.

ಹಂತ 1: ಹೇಳುವ ಮೊದಲು ಬರೆದುಕೊಳ್ಳಿ. ಜೇಬಲ್ಲಿ ಸಣ್ಣ ನೋಟ್‌ಬುಕ್ ಇರಲಿ. ಏನು, ಎಷ್ಟು, ಎಷ್ಟು ಗಂಟೆಗೆ ಅನ್ನುವ ಮೂರನ್ನು ಒಂದೇ ಸಾಲಲ್ಲಿ ಬರೆಯಿರಿ. ಸಾಲು ಮುಗಿಯದಿದ್ದರೆ ವಿಷಯ ನಿಮಗೇ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ. ಮೊದಲು ಡ್ರಾಯಿಂಗ್ ನೋಡಿ, ಇಲ್ಲವೇ ಮ್ಯಾನೇಜರ್ ಹತ್ತಿರ ಕೇಳಿ ಬನ್ನಿ.

ಹಂತ 2: ಒಬ್ಬರ ಹೆಸರು ಹಿಡಿದು ಕರೆಯಿರಿ. “ಯಾರಾದ್ರೂ ಇದನ್ನ ನೋಡ್ಕೊಳ್ರಪ್ಪಾ” ಎಂದರೆ ಯಾರೂ ನೋಡುವುದಿಲ್ಲ. “ರಮೇಶಣ್ಣ, ಈ ಜಾಬ್ ನಿಮ್ಮದು” ಎನ್ನಿ. ನಿಮಗಿಂತ ಹಿರಿಯ ಆಪರೇಟರ್ ಆದರೆ ‘ನೀವು’ ಎನ್ನುವುದನ್ನು ಬಿಡಬೇಡಿ. ಹುದ್ದೆ ಬಂದ ಮಾತ್ರಕ್ಕೆ ಆ ಗೌರವ ಕಡಿಮೆಯಾಗಬಾರದು. ಮಷಿನ್ ಓಡುತ್ತಿದ್ದರೆ ಪಕ್ಕಕ್ಕೆ ಕರೆದು ಹೇಳಿ, ಆ ಸದ್ದಿನಲ್ಲಿ ಹದಿನೈದೂ ಹದಿನೆಂಟೂ ಒಂದೇ ಥರ ಕೇಳಿಸುತ್ತವೆ.

ಹಂತ 3: ಅಂಕಿಯ ಜೊತೆ ಅಳತೆಯನ್ನೂ ಹೇಳಿ. ‘ಬೇಗ’, ‘ಸ್ವಲ್ಪ’, ‘ನೋಡ್ಕೊಂಡು ಮಾಡಿ’, ಈ ಮೂರೂ ಬೇಡ. “ರಾತ್ರಿ 9ರೊಳಗೆ 200 ಪೀಸ್” ಎನ್ನಿ. “ಎರಡು ಕಮ್ಮಿ ಮಾಡಿ” ಎಂದಾಗ ಎರಡು ಮಿ.ಮೀ. ಅಲ್ಲ, ಎರಡು ಮೈಕ್ರಾನ್ ಎಂದು ಗೊತ್ತಾಗುವ ಹಾಗೆ ಹೇಳಿ. ಇದು ಸಣ್ಣ ವಿಷಯವಲ್ಲ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್‌ನಲ್ಲಿ ಮಂಗಳನ ಹತ್ತಿರ ತಲುಪಿ ನಾಶವಾಯಿತು. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ತಂಡ ನ್ಯೂಟನ್ ಲೆಕ್ಕವೆಂದು ಬಳಸಿತ್ತು.

ಹಂತ 4: ಕಾರಣವನ್ನು ಒಂದೇ ವಾಕ್ಯದಲ್ಲಿ ಕೊಡಿ. “ಈ ಬುಷ್ ಪ್ರೆಸ್ ಫಿಟ್ ಆಗೋದು, ಓಡಿ ಕಮ್ಮಿಯಾದ್ರೆ ಒಳಗೆ ಲೂಸ್ ಆಗುತ್ತೆ.” ಕಾರಣ ಗೊತ್ತಿದ್ದವರು ನೀವಿಲ್ಲದಾಗಲೂ ಸರಿಯಾಗಿ ತೀರ್ಮಾನ ಮಾಡುತ್ತಾರೆ.

ಹಂತ 5: ವಾಪಸ್ ಹೇಳಿಸಿ. ಇಲ್ಲಿ ನಿಧಾನಿಸಿ, ಹೊಸಬರು ಹೆಚ್ಚಾಗಿ ಎಡವುವುದೇ ಇಲ್ಲಿ. “ಅರ್ಥ ಆಯ್ತಾ?” ಎಂದು ಕೇಳಬೇಡಿ. ಒಡಿಶಾದಿಂದ ಬಂದ ಹುಡುಗ ಕನ್ನಡ ಅರ್ಧ ತಿಳಿದರೂ “ಆಯ್ತು ಸರ್” ಎನ್ನುತ್ತಾನೆ. ಕನ್ನಡದವರೂ ಸಂಕೋಚಕ್ಕೆ ಅದನ್ನೇ ಹೇಳುತ್ತಾರೆ. ಬದಲಿಗೆ ಹೀಗೆ ಕೇಳಿ: “ನಾನು ಏನಾದ್ರೂ ಬಿಟ್ಟೆನಾ ನೋಡೋಣ, ನೀವು ಹೇಗೆ ಮಾಡ್ತೀರ ಒಂದ್ಸಲ ಹೇಳಿ.” ಪರೀಕ್ಷೆ ನಿಮ್ಮ ಮಾತಿಗೆ, ಅವರಿಗಲ್ಲ ಎಂದು ಅವರಿಗೆ ತಿಳಿಯುತ್ತದೆ.

ವಿಮಾನಯಾನದವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ದಟ್ಟ ಮಂಜಿನ ನಡುವೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಟೇಕ್‌ಆಫ್‌ಗೆ ಅನುಮತಿ ಇನ್ನೂ ಸಿಕ್ಕಿರಲಿಲ್ಲ, ಸಿಕ್ಕಿದೆ ಎಂದು ಅವುಗಳಲ್ಲಿ ಒಂದಾದ ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ತಿಳಿದಿದ್ದರು. ಅವರ ವಿಮಾನದಿಂದ ಹೋದ ಮಾತು ಟವರ್‌ಗೆ ಬೇರೆಯೇ ಅರ್ಥ ಕೊಟ್ಟಿತು. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಅವರದೇ ಫ್ಲೈಟ್ ಎಂಜಿನಿಯರ್ ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದ ಮೇಲೆ ಯಾರೂ ಮುಂದೆ ಕೇಳಲಿಲ್ಲ. ಆಮೇಲೆ ರೇಡಿಯೋ ಮಾತಿನ ನಿಯಮಗಳೇ ಬಿಗಿಯಾದವು. ಇವತ್ತು ರನ್‌ವೇಗೆ ಸಂಬಂಧಿಸಿದ ಅನುಮತಿಯನ್ನು ಪೈಲಟ್ ತಿರುಗಿ ಹೇಳಲೇಬೇಕು, ಟವರ್‌ನವರು ಅದನ್ನು ಕೇಳಿಸಿಕೊಳ್ಳಲೇಬೇಕು.

ಎಚ್ಚರಿಕೆ: ಅವರು ವಾಪಸ್ ಹೇಳುವಾಗ ಫೋನ್ ನೋಡಬೇಡಿ. ತಪ್ಪು ಹೇಳಿದರೆ ನಗಬೇಡಿ, “ಅಯ್ಯೋ, ಅದಲ್ಲ” ಎಂದು ಅರ್ಧಕ್ಕೆ ತಡೆಯಲೂಬೇಡಿ. ಪೂರ್ತಿ ಕೇಳಿ, ತಪ್ಪಿದ ಜಾಗವನ್ನಷ್ಟೇ ತಿದ್ದಿ, ಅದನ್ನು ಮತ್ತೆ ಹೇಳಿಸಿ. ಭಾಷೆ ತೊಡಕಾದರೆ ಡ್ರಾಯಿಂಗ್ ಮೇಲೆ ಬೆರಳಿಟ್ಟು ತೋರಿಸಿ, ಮೈಕ್ರೋಮೀಟರ್ ಅವರ ಕೈಗೆ ಕೊಟ್ಟು ಒಂದು ಪೀಸ್ ಅಳೆಸಿ.

ಹಂತ 6: ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಹಾಕಿ. ನೋಟ್‌ಬುಕ್‌ನ ಸಾಲೇ ಸಾಕು. ಬಾಯಲ್ಲಿ ಹೇಳಿದ ಮೇಲೆ ಬರೆಯಿರಿ, ಬರೆದು ಸುಮ್ಮನಾಗಬೇಡಿ. ಬ್ಲೂ ಟಿಕ್ ಬಂದರೆ ಓದಿದ್ದಾರೆ ಎಂದಷ್ಟೇ ಗೊತ್ತಾಗುತ್ತದೆ. ವಾಯ್ಸ್ ಮೆಸೇಜ್ ಬೇಡ, ಅಂಕಿ ಹುಡುಕಲು ಪುನಃ ಪೂರ್ತಿ ಕೇಳಬೇಕಾಗುತ್ತದೆ.

ಹಂತ 7: ಮೊದಲ ಕೆಲವು ಪೀಸ್ ಆದಾಗ ಹೋಗಿ ನೋಡಿ. “ಎಲ್ಲಾ ಓಕೆನಾ?” ಬೇಡ. “ಎಲ್ಲಿ ಕಷ್ಟ ಆಗ್ತಿದೆ?” ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ನಿಲ್ಲಿ. ಆ ಮೌನ ತುಂಬಲು ನೀವೇ ಮಾತಾಡಬೇಡಿ. “ಇನ್‌ಸರ್ಟ್ ಹೋಗಿದೆ, ಹತ್ತು ಪೀಸ್ ರಿಜೆಕ್ಟ್” ಎಂದು ಯಾರಾದರೂ ತಾವಾಗಿ ಹೇಳಿದರೆ, ಮೊದಲ ಮಾತು “ಹೇಳಿದ್ದು ಒಳ್ಳೇದಾಯ್ತು” ಎಂದಿರಲಿ. ಎಲ್ಲರೆದುರು ಬೈದರೆ ಮುಂದಿನ ರಿಜೆಕ್ಟ್ ಪೀಸ್‌ಗಳು ನಿಮ್ಮ ಕಣ್ಣಿಗೆ ಬೀಳದೆ ಸ್ಕ್ರ್ಯಾಪ್ ಬಿನ್ ಸೇರುತ್ತವೆ. ತಿದ್ದುವ ಮಾತಿದ್ದರೆ ಪಕ್ಕಕ್ಕೆ ಕರೆದು ಹೇಳಿ.

ಹಂತ 8: ಮೇಲಿನವರಿಗೆ ಬೇಗ ತಿಳಿಸಿ. ತಡವಾಗುತ್ತದೆ ಎಂದು ಗೊತ್ತಾದ ತಕ್ಷಣ ಫೋನ್ ಮಾಡಿ. ಮೊದಲು ವಿಷಯ, ಆಮೇಲೆ ಕಾರಣ, ಕೊನೆಗೆ ನಿಮಗೆ ಬೇಕಾದದ್ದು: “ಸರ್, ನಾಳೆ 10ಕ್ಕೆ 320 ಪೀಸ್ ಮಾತ್ರ ರೆಡಿ ಆಗುತ್ತೆ. ಇನ್‌ಸರ್ಟ್ ಖಾಲಿಯಾಗಿದೆ. ರಾತ್ರಿ 8ರೊಳಗೆ ಒಂದು ಬಾಕ್ಸ್ ಬಂದ್ರೆ 400 ಮುಗಿಸ್ತೀವಿ.” ಕ್ಷಮೆಯಿಂದಲೋ ಹಿನ್ನೆಲೆಯಿಂದಲೋ ಶುರು ಮಾಡಿದರೆ, ವಿಷಯ ಬರುವಷ್ಟರಲ್ಲಿ ಅವರ ತಾಳ್ಮೆ ಮುಗಿದಿರುತ್ತದೆ. ಫೋನ್ ಇಡುವ ಮೊದಲು ಅವರು ಒಪ್ಪಿದ್ದನ್ನು ನೀವೂ ಒಮ್ಮೆ ತಿರುಗಿ ಹೇಳಿ: “ಸರಿ ಸರ್, 8ರೊಳಗೆ ಒಂದು ಬಾಕ್ಸ್, ನೀವೇ ಕಳಿಸ್ತೀರಿ.”