ನೋಡಿ ಕಲಿತ ತಾಯ್ತನ

ಮಾತೃವಾತ್ಸಲ್ಯವು ಜನ್ಮಸಿದ್ಧವಾದುದು, ಹೆತ್ತೊಡನೆ ತಾನೇ ಉಕ್ಕುವುದು ಎಂಬುದು ಲೋಕದ ನಂಬುಗೆ. ಈ ನಂಬುಗೆಯ ಕಾರಣದಿಂದಲೇ ಎಷ್ಟೋ ಮನೆಗಳಲ್ಲಿ ಚೊಚ್ಚಲ ಬಾಣಂತಿಯು ಮಾತು ಕೇಳಬೇಕಾಗುವುದು. ಕೂಸಿನ ಕತ್ತಿಗೆ ಆಸರೆ ಕೊಟ್ಟು ಎತ್ತಲರಿಯದೆ ಅವಳ ಕೈ ನಡುಗಿದರೆ, ಅಳುವ ಮಗುವಿನ ಮುಂದೆ ಅವಳು ದಿಕ್ಕುತೋಚದೆ ಕುಳಿತರೆ, “ಇವಳಿಗೆ ಕರುಳೇ ಇಲ್ಲ” ಎನ್ನುವವರುಂಟು. ಕರುಳು ಬೇರೆ, ಅರಿವು ಬೇರೆ. ಅವಳು ಅದಕ್ಕೆ ಮೊದಲು ಒಂದು ಎಳೆಗೂಸಿನ ಆರೈಕೆಯನ್ನು ಹತ್ತಿರದಿಂದ ನೋಡಿದ್ದಳೇ ಎಂದು ಕೇಳುವವರು ವಿರಳ.

ಈ ವಿಷಯದಲ್ಲಿ ಇಲಿಗಳಿಂದ ದೊರೆತ ಸಾಕ್ಷ್ಯವು ವಿಚಾರಾರ್ಹವಾದುದು. ಇಲಿಮರಿಯು ಗೂಡಿನಿಂದ ಹೊರಗೆ ಬಿದ್ದರೆ ಮನುಷ್ಯನ ಕಿವಿಗೆ ಎಟುಕದ ಸೂಕ್ಷ್ಮಸ್ವರದಲ್ಲಿ ಕೂಗುವುದು. ತಾಯಿಯು ಓಡಿಬಂದು ಅದನ್ನು ಬಾಯಲ್ಲಿ ಕಚ್ಚಿ ಗೂಡಿಗೆ ಒಯ್ಯುವುದು. ಹೆರದ ಹೆಣ್ಣಿಲಿಯಾದರೋ ಆ ಕೂಗಿಗೆ ಸಾಮಾನ್ಯವಾಗಿ ಓಗೊಡದು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ರಾಬರ್ಟ್ ಫ್ರೋಮ್ಕೆ ಮತ್ತು ಅವರ ಸಂಗಡಿಗರು ಹೆರದ ಹೆಣ್ಣಿಲಿಯನ್ನು ಬಾಣಂತಿ ಇಲಿ ಮತ್ತು ಮರಿಗಳೊಡನೆ ಒಂದೇ ಪಂಜರದಲ್ಲಿರಿಸಿ, ಹಗಲಿರುಳೂ ಅವುಗಳ ನಡೆಯನ್ನು ಚಿತ್ರೀಕರಿಸಿದರು. ತಾಯಿಯು ಹೆರದ ಇಲಿಯನ್ನು ಗೂಡಿನೊಳಕ್ಕೆ ನೂಕಿಕೊಂಡು ಹೋಗುತ್ತಿತ್ತು. ಕೆಲವೊಮ್ಮೆ ಮರಿಯನ್ನು ತಾನೇ ಹೊರಗೆ ಬಿಟ್ಟು, ಅದರ ಕಣ್ಣೆದುರಿಗೇ ಮತ್ತೆ ಒಳಗೆ ತರುತ್ತಿತ್ತು. ಗುರುವಾದವನು ಪಾಠವನ್ನು ಮಾಡಿ ತೋರಿಸುವಂತೆ! ಇಲಿಗೆ ಕಲಿಸಬೇಕೆಂಬ ಸಂಕಲ್ಪವಿತ್ತೆಂದು ಹೇಳಲಾಗದು, ಕಲಿಕೆಯಂತೂ ನಡೆಯಿತು.

ಜೊತೆಗಿದ್ದ ವಾಸನೆ, ಸ್ಪರ್ಶಗಳಿಂದಲೇ ಅದು ಕಲಿತಿರಬಾರದೇಕೆ ಎಂಬ ಪೂರ್ವಪಕ್ಷವು ಇಲ್ಲಿ ಏಳುವುದು. ಅದಕ್ಕೆ ಉತ್ತರವು ತಾರ್ಕಿಕರ ಅನ್ವಯವ್ಯತಿರೇಕದ ಮಾರ್ಗದಲ್ಲೇ ದೊರೆಯಿತು. ಪಂಜರದ ನಡುವೆ ಪಾರದರ್ಶಕವಾದ ತಡೆಯಿರಿಸಿ, ಮರಿಗಳನ್ನು ಮುಟ್ಟಲು ಬಿಡದೆ ತಾಯಿಯ ಕೆಲಸವನ್ನು ಬರಿಯ ನೋಡಗೊಟ್ಟಾಗ ಹೆರದ ಇಲಿಗಳು ಮರಿಯೆತ್ತುವುದನ್ನು ಕಲಿತವು. ಆ ತಡೆಯು ನೋಟವನ್ನು ಮರೆಮಾಡುವಂತಹದಾದಾಗ ಕಲಿಯಲಿಲ್ಲ. ಈ ಸಂಶೋಧನೆಯು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮೆದುಳಿನಲ್ಲಿ ನಡೆಯುವುದೇನು? ಆಕ್ಸಿಟೋಸಿನ್ ಎಂಬ ದ್ರವ್ಯವು ಹೆರಿಗೆಯಲ್ಲಿ ಗರ್ಭಕೋಶವನ್ನು ಸಂಕೋಚಗೊಳಿಸುವುದು, ಎದೆಹಾಲನ್ನು ಇಳಿಸುವುದು. ಇದನ್ನು ತಯಾರಿಸುವ ನರಕೋಶಗಳು ಮೆದುಳಿನ ಬುಡದ ಹೈಪೋಥಾಲಮಸ್ ಎಂಬಲ್ಲಿವೆ. ಹೆರದ ಇಲಿಯು ತಾಯಿಯ ಕೆಲಸವನ್ನು ನೋಡುತ್ತಿದ್ದಾಗ, ನೋಟದ ಸುದ್ದಿಯು ನಡುಮೆದುಳಿನ ಮಾರ್ಗವಾಗಿ ಬಂದು ಈ ಕೋಶಗಳನ್ನು ಎಚ್ಚರಿಸಿತು. ಆ ಮಾರ್ಗವನ್ನು ತಡೆದಾಗ ಕಲಿಕೆಯೂ ತಡೆಯಿತು. ಮರಿಯ ಕೂಗನ್ನು ಗುರುತಿಸುವಂತೆ ಎಡಗಡೆಯ ಶ್ರವಣಕೇಂದ್ರವನ್ನು ಹದಗೊಳಿಸುವುದೂ ಈ ದ್ರವ್ಯವೇ ಎಂಬುದನ್ನು ಇದೇ ಪ್ರಯೋಗಶಾಲೆಯವರು 2015ರಲ್ಲಿ ತೋರಿಸಿದ್ದರು. ಹೆತ್ತವಳ ದ್ರವ್ಯವು ಹೆರದವಳಲ್ಲಿಯೂ ನೋಟಮಾತ್ರದಿಂದ ಕೆಲಸಕ್ಕೆ ತೊಡಗುವುದೆಂಬುದೇ ಇಲ್ಲಿನ ವಿಶೇಷ.

ಇಲಿಯಲ್ಲಿ ಕಂಡುದನ್ನೆಲ್ಲ ಮನುಷ್ಯನಿಗೆ ಅನ್ವಯಿಸುವುದು ಸಾಧುವಲ್ಲ. ಆದರೆ ಮನುಷ್ಯನಲ್ಲಿಯೂ ಪಾಲನೆಯು ಪ್ರಸವವನ್ನಷ್ಟೇ ಆಶ್ರಯಿಸಿಲ್ಲ. ಇಸ್ರೇಲಿನಲ್ಲಿ ತಂದೆಯರ ಮೆದುಳನ್ನು ಪರೀಕ್ಷಿಸಿದ ವಿದ್ವಾಂಸರು, ಶಿಶುಪಾಲನೆಯಲ್ಲಿ ತಂದೆಯು ಕಳೆದ ಕಾಲವು ಹೆಚ್ಚಿದಷ್ಟೂ ಮೆದುಳಿನಲ್ಲಿ ಭಾವಕ್ಕೂ ಪರೇಂಗಿತಜ್ಞಾನಕ್ಕೂ ಸಂಬಂಧಪಟ್ಟ ಭಾಗಗಳ ಹೊಂದಾಣಿಕೆಯು ಬಲವಾಗಿರುವುದನ್ನು 2014ರಲ್ಲಿ ವರದಿ ಮಾಡಿದರು.

ಮನುಷ್ಯನಿಗೆ ಇನ್ನೂ ಸಮೀಪದ ಜೀವಿಯಾದ ಒರಾಂಗುಟಾನ್ ವಾನರದ ಒಂದು ಸಂಗತಿಯುಂಟು. ಅಮೆರಿಕದ ವರ್ಜೀನಿಯಾದ ಮೃಗಾಲಯವೊಂದರಲ್ಲಿದ್ದ ಜೋಯಿ ಎಂಬ ಹೆಣ್ಣು ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡುದು. ತನ್ನ ಮೊದಲ ಮರಿಯನ್ನು ಅದು ಸಾಕಲಿಲ್ಲ. 2022ರ ಡಿಸೆಂಬರಿನಲ್ಲಿ ಎರಡನೆಯ ಮರಿ ಹುಟ್ಟಿತು. ಪಾಲಕರು ಗೊಂಬೆಯಿಂದಲೂ ಚಲಚ್ಚಿತ್ರದಿಂದಲೂ ಪಾಠ ಹೇಳಿ ನೋಡಿದ್ದರು. ಕಡೆಗೆ ಆ ಮೃಗಾಲಯದ ಕೆಲಸಗಾರ್ತಿಯಾದ ಒಬ್ಬ ಬಾಣಂತಿಯು ಪಂಜರದ ಮುಂದೆ ಕುಳಿತು ತನ್ನ ಕೂಸಿಗೆ ಹಾಲೂಡಿಸಿದಳು. ಜೋಯಿಯು ಕಣ್ಣು ಕದಲಿಸದೆ ನೋಡಿತು. ಮರುದಿನದೊಳಗಾಗಿ ತನ್ನ ಮರಿಯನ್ನು ಎದೆಗೆ ತೆಗೆದುಕೊಂಡಿತು.