ಹೋಸ್ಟಿಂಗ್ ಕೊಳ್ಳುವ ಮೊದಲು ಡೊಮೈನ್ ಯಾರ ಹೆಸರಲ್ಲಿದೆ ನೋಡಿ

ಚೌಡಯ್ಯ ಸ್ಮಾರಕ ಭವನದ ಆಸುಪಾಸಿನಲ್ಲಿ ಸಂಗೀತ ಪಾಠ ಹೇಳುವವರಿಂದ ಹಿಡಿದು ಮನೆಯಲ್ಲೇ ಸಾರಿನಪುಡಿ, ಹಪ್ಪಳ ಮಾಡಿ ಮಾರುವವರವರೆಗೆ ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಈಗ ಅನೇಕರಿಗೆ ಸ್ವಂತ ವೆಬ್‌ಸೈಟ್ ಬೇಕು. ಎಲ್ಲರೂ ಮೊದಲು ಕೇಳುವುದು ‘ಯಾವ ಹೋಸ್ಟಿಂಗ್ ಅಗ್ಗ?’ ಎಂದು. ಅದು ಆಮೇಲಿನ ಮಾತು. ಡೊಮೈನ್ ಎಂದರೆ ಸೈಟ್‌ನ ವಿಳಾಸ, ಹೋಸ್ಟಿಂಗ್ ಎಂದರೆ ಪುಟಗಳನ್ನು ಇಡಲು ಸರ್ವರ್‌ನಲ್ಲಿ ಬಾಡಿಗೆಗೆ ಪಡೆಯುವ ಜಾಗ. ಎರಡೂ ಬೇರೆ, ಎರಡಕ್ಕೂ ಕಾಲಕಾಲಕ್ಕೆ ಹಣ ಕಟ್ಟಬೇಕು.

ಮೊದಲು ಡೊಮೈನ್ ಕೊಳ್ಳಿ. ನಿಮ್ಮ ಹೆಸರಲ್ಲಿ, ನಿಮ್ಮ ಮೇಲ್ ಐಡಿ ಕೊಟ್ಟು, ನಿಮ್ಮ ಕಾರ್ಡಿನಿಂದಲೇ ಕೊಳ್ಳಿ. ಸೈಟ್ ಮಾಡಿಕೊಡುವ ಹುಡುಗ ‘ನಾನೇ ಎಲ್ಲ ನೋಡ್ಕೋತೀನಿ ಆಂಟಿ’ ಎಂದರೂ ಒಪ್ಪಬೇಡಿ. ಅವನು ಮೋಸಗಾರ ಎಂದಲ್ಲ. ನಾಳೆ ಕೆಲಸ ಸಿಕ್ಕಿ ಊರು ಬಿಡುತ್ತಾನೆ, ನಂಬರ್ ಬದಲಾಗುತ್ತದೆ. ನವೀಕರಣದ ಎಚ್ಚರಿಕೆಗಳು ಅವನು ತೆರೆಯದ ಹಳೆಯ ಇನ್‌ಬಾಕ್ಸಿಗೆ ಬೀಳುತ್ತಲೇ ಇರುತ್ತವೆ. ಒಂದು ಬೆಳಿಗ್ಗೆ ಸೈಟ್ ಇಲ್ಲ, ಆ ಹೆಸರಿನ ಮೇಲ್ ಕೂಡ ಇಲ್ಲ. ಅಂಗಡಿ ಬೋರ್ಡಿನ ಮೇಲೆ ಮಾತ್ರ ವಿಳಾಸ ಹಾಗೇ ಇದೆ. ಡಾಟ್ ಕಾಮ್ ಹೆಸರಾದರೆ ಅಳಿಸಿಹೋದ ಮೇಲೂ 30 ದಿನ ಬಿಡಿಸಿಕೊಳ್ಳುವ ಅವಕಾಶವಿದೆ, ಆದರೆ ಶುಲ್ಕ ದುಬಾರಿ. ಅಷ್ಟು ಕೊಡಲು ಸಿದ್ಧರಿದ್ದರೂ ಅಕೌಂಟ್ ನಿಮ್ಮದಲ್ಲದಿದ್ದರೆ ಡೊಮೈನ್ ಮಾರಿದ ಕಂಪನಿ ನಿಮ್ಮ ಮಾತು ಕೇಳುವುದಿಲ್ಲ. ಆ ಗಡುವೂ ದಾಟಿದರೆ ಹೆಸರು ಯಾರ ಪಾಲಾದರೂ ಆಗಬಹುದು.

ಈಗಾಗಲೇ ಸೈಟ್ ಇರುವವರು ಇವತ್ತೇ ಕೇಳಿ: ಡೊಮೈನ್ ಅಕೌಂಟಿನ ಲಾಗಿನ್ ಯಾರ ಬಳಿ ಇದೆ? ರಿಜಿಸ್ಟ್ರಂಟ್, ಅಂದರೆ ಡೊಮೈನ್ ನೋಂದಾಯಿಸಿಕೊಂಡವರು, ಎಂದು ಯಾರ ಹೆಸರಿದೆ? ನಿಮ್ಮದಲ್ಲದಿದ್ದರೆ ಮಾತುಕತೆ ಚೆನ್ನಾಗಿರುವಾಗಲೇ ಬದಲಿಸಿಕೊಳ್ಳಿ. ಹೋಸ್ಟಿಂಗ್ ಜತೆ ಬರುವ ‘ಉಚಿತ ಡೊಮೈನ್’ ಕೂಡ ನನಗೆ ಒಪ್ಪಿಗೆಯಿಲ್ಲ. ಸಾಮಾನ್ಯವಾಗಿ ಅದು ಒಂದು ವರ್ಷಕ್ಕಷ್ಟೇ ಉಚಿತ. ಎರಡೂ ಒಂದೇ ಕಡೆ ಇದ್ದರೆ ಜಗಳವಾದಾಗ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ.

ಇನ್ನು ಹೋಸ್ಟಿಂಗ್. ಹತ್ತು ಪುಟ, ಒಂದಿಷ್ಟು ಫೋಟೊ, ವಿಚಾರಣೆಗೊಂದು ಫಾರಂ ಇರುವ ಸೈಟಿಗೆ ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್ ಧಾರಾಳ ಸಾಕು. ಗಿರಾಕಿಗಳು ಇಲ್ಲಿಯವರೇ ಆದರೆ ಭಾರತದಲ್ಲಿ ಸರ್ವರ್ ಇರುವ ಕಂಪನಿ ನೋಡಿ. ‘ಅನ್‌ಲಿಮಿಟೆಡ್’ ಎಂದಿರುವ ಕಡೆ ಷರತ್ತುಗಳನ್ನು ಓದಿ. ಕಡತಗಳ ಸಂಖ್ಯೆಗೆ ಮಿತಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಜಾಹೀರಾತಿನ ತಿಂಗಳ ದರ ಬಹುಮಟ್ಟಿಗೆ ಮೂರು–ನಾಲ್ಕು ವರ್ಷದ ಹಣ ಒಟ್ಟಿಗೆ ಕಟ್ಟುವವರಿಗೆ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿಸಿ, ನವೀಕರಣದ ದರ ಹುಡುಕಿ, ಆಮೇಲೆ ಹೋಲಿಸಿ. ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಪ್ರತ್ಯೇಕ ಹಣ ಕೇಳಿದರೆ ಬೇರೆ ಕಂಪನಿ ನೋಡಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಅದನ್ನು ಪುಕ್ಕಟೆ ಕೊಡುತ್ತದೆ.

ಬ್ಯಾಕಪ್ ಕಂಪನಿಯೇ ಇಟ್ಟುಕೊಳ್ಳುತ್ತದೆಂದು ಸುಮ್ಮನಿರಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದ ಎಷ್ಟೋ ಗ್ರಾಹಕರ ಮಾಹಿತಿ ಮರಳಿ ಸಿಗಲೇ ಇಲ್ಲ. ತಿಂಗಳಿಗೊಮ್ಮೆ ಇಡೀ ಸೈಟನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಹಣ ಕಟ್ಟುವ ಮೊದಲು ರಾತ್ರಿ ಹೊತ್ತಲ್ಲಿ ಸಹಾಯವಾಣಿಗೆ ಒಂದು ಪ್ರಶ್ನೆ ಕಳಿಸಿ, ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಬರಹವಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ ಹಾಕಿ. ಹಣ ಕಟ್ಟಿ ಸೈಟ್ ಹಾಕಿದ ಮೇಲೆ ಒಂದು ಕನ್ನಡ ಪುಟವನ್ನು ಫೋನಿನಲ್ಲಿ ತೆರೆದು, ಫಾರಂನಲ್ಲಿ ಕನ್ನಡದಲ್ಲೇ ಬರೆದು ಕಳಿಸಿ, ಅಕ್ಷರಗಳು ಸರಿಯಾಗಿ ಬರುತ್ತವೆಯೇ ಪರೀಕ್ಷಿಸಿ. ಈ ಪರೀಕ್ಷೆ ಹಣ ವಾಪಸ್ ಪಡೆಯುವ ಅವಧಿಯೊಳಗೇ ಮುಗಿಯಲಿ.