ಎರೆ ಹೊಲದ ತಗ್ಗು-ದಿನ್ನೆ ತಿದ್ದಿ ಮರುಬಿತ್ತನೆ ಮಾಡುವ ಕ್ರಮ

ಹಸ್ತ ಮಳೆ ಕಳೆದ ಮೇಲೆ ಸಂಗನಕಲ್ಲಿನ ಕಡೆಯ ಯಾವುದಾದರೊಂದು ಎರೆ ಹೊಲದ ಬದುವಿನ ಮೇಲೆ ನಿಂತು ನೋಡಿರಿ. ಒಂದೇ ದಿನ, ಒಂದೇ ಕೂರಿಗೆಯಿಂದ, ಒಂದೇ ಚೀಲದ ಬೀಜ ಬಿತ್ತಿದ್ದರೂ ಜೋಳ ಮೂರು ಬಗೆಯಾಗಿ ಕಾಣುತ್ತದೆ. ದಿನ್ನೆಯ ಮೇಲೆ ಸಸಿಗಳು ವಿರಳ. ತಗ್ಗಿನಲ್ಲಿ ನೀರು ನಿಂತು ಬೀಜ ಕೊಳೆತಿದೆ, ಉಳಿದವು ಹಳದಿಗಟ್ಟಿವೆ. ನಡುವಿನ ಪಟ್ಟಿ ಮಾತ್ರ ಸೊಂಪಾಗಿದೆ. ಬೀಜ ಕೆಟ್ಟದ್ದೆಂದು ದೂರುವ ಮೊದಲು ನೆಲದ ಮಟ್ಟವನ್ನು ನೋಡುವುದು ಲೇಸು.

ಬಳ್ಳಾರಿ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿ.ಮೀ. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ಹಿಂಗಾರಿ ಜೋಳ ಮತ್ತು ಕಡಲೆ ಬೆಳೆಯುವುದು ಬಹುಪಾಲು ಎರೆ ಮಣ್ಣು ಹಿಡಿದಿಟ್ಟುಕೊಂಡ ಈ ತೇವದಿಂದಲೇ. ದಿನ್ನೆಯಿಂದ ಜಾರಿದ ನೀರು ದಿನ್ನೆಗೂ ದಕ್ಕಲಿಲ್ಲ, ತಗ್ಗಿಗೂ ಒಳಿತು ಮಾಡಲಿಲ್ಲ ಎಂದಾದರೆ ನಷ್ಟ ಎರಡು ಪಟ್ಟು.

ಈಚೆಗೆ 20 ರಿಂದ 28 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರುಗಳು ಹಳ್ಳಿಗಳಿಗೆ ಬಂದಿರುವುದರಿಂದ, ನಾಲ್ಕೈದು ಎಕರೆಯ ರೈತನೂ ಈ ಕೆಲಸವನ್ನು ತಾನೇ ಮಾಡಿಕೊಳ್ಳಬಹುದು. ಆದರೆ ತಿಳಿಯದೆ ಹಲಗೆ ಓಡಿಸಿದರೆ ಒಂದೇ ದಿನದಲ್ಲಿ ಮೇಲ್ಮಣ್ಣು ಹಾಳಾಗುತ್ತದೆ. ಸಂಗನಕಲ್ಲಿನ ಗುಡ್ಡಗಳ ಸುತ್ತ ನವಶಿಲಾಯುಗದ ಜನ ಸುಮಾರು 4,000 ವರ್ಷಗಳ ಹಿಂದೆ ಹುರುಳಿ, ಹೆಸರು ಬಳಸುತ್ತಿದ್ದರೆಂಬುದಕ್ಕೆ ಉತ್ಖನನದಲ್ಲಿ ಸುಟ್ಟ ಕಾಳುಗಳು ದೊರೆತಿವೆ. ಅಷ್ಟು ಕಾಲದಿಂದ ಅನ್ನ ಕೊಟ್ಟ ನೆಲದ ಮೇಲ್ಪದರವನ್ನು ಕೆಡಿಸಿಕೊಂಡರೆ ನಮ್ಮ ಜೀವಮಾನದಲ್ಲಿ ಅದು ಮರಳಿ ಬರುವುದಿಲ್ಲ.

ಮೊದಲು ಅಳತೆ

ಜೋರು ಮಳೆಯಾದ ಮರುದಿನ ಹೊಲ ಸುತ್ತಿ, ನೀರು ನಿಂತ ಕಡೆ ಒಂದು ಬಗೆಯ ಗೂಟ, ದಿನ್ನೆಯಲ್ಲಿ ಇನ್ನೊಂದು ಬಗೆಯ ಗೂಟ ನೆಡಿರಿ. ಅನಂತರ 15 ಮೀಟರ್ ಉದ್ದದ ಪಾರದರ್ಶಕ ನಳಿಕೆಯಲ್ಲಿ ಗುಳ್ಳೆಗಳಿಲ್ಲದಂತೆ ನೀರು ತುಂಬಿ, ಎರಡೂ ತುದಿಗಳನ್ನು ಸೆಂಟಿಮೀಟರ್ ಗುರುತಿರುವ ಕೋಲುಗಳಿಗೆ ಕಟ್ಟಿರಿ. ಕೋಲುಗಳನ್ನು ಹತ್ತು ಹತ್ತು ಮೀಟರ್ ಅಂತರದಲ್ಲಿ ನಿಲ್ಲಿಸಿ ನೀರಿನ ಮಟ್ಟವನ್ನು ಬರೆದುಕೊಳ್ಳಿರಿ. ಎಲ್ಲಿ ಅಂಕಿ ಹೆಚ್ಚೋ ಅಲ್ಲಿ ನೆಲ ತಗ್ಗು. ಒಂದು ಕೋಲಿನಲ್ಲಿ 100, ಇನ್ನೊಂದರಲ್ಲಿ 118 ಬಂದರೆ ವ್ಯತ್ಯಾಸ 18 ಸೆಂ.ಮೀ. ಎರಡೂ ಜಾಗಗಳ ವಿಸ್ತಾರ ಒಂದೇ ಆಗಿದ್ದರೆ ದಿನ್ನೆಯಿಂದ 9 ಸೆಂ.ಮೀ. ತೆಗೆದು ತಗ್ಗಿಗೆ ಹಾಕಬೇಕಾಗುತ್ತದೆ.

ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ನಾಲ್ಕು ಗುಂಟೆಯ ದಿನ್ನೆಯನ್ನು 9 ಸೆಂ.ಮೀ. ಕಡಿದರೆ ಸುಮಾರು 36 ಘನ ಮೀಟರ್ ಮಣ್ಣಾಗುತ್ತದೆ. ಹಲಗೆ ಒಂದು ಸಲಕ್ಕೆ ಕಾಲು ಘನ ಮೀಟರ್ ಎಳೆದರೂ 145 ಸುತ್ತು ಬೇಕು. ಸುತ್ತಿಗೆ 3 ನಿಮಿಷ ಹಿಡಿದರೆ 7 ತಾಸಿಗೂ ಮೇಲೆ. ಡೀಸೆಲ್ ಮತ್ತು ಬಾಡಿಗೆಯ ಖರ್ಚನ್ನು ಇದರಿಂದಲೇ ಅಂದಾಜು ಮಾಡಬಹುದು.

ಪೂರ್ತಿ ಸಮತಟ್ಟು ಬೇಡ

ಸಿರುಗುಪ್ಪದ ಕಡೆಯ ಭತ್ತದ ಗದ್ದೆಗೆ ಒಂದೇ ಮಟ್ಟ ಬೇಕು. ಅಲ್ಲಿ ಲೇಸರ್ ಯಂತ್ರದಿಂದ ಮಟ್ಟ ಮಾಡಿಸುವುದು ಸರಿ. ಮಳೆಯಾಶ್ರಯದ ಎರೆ ಹೊಲದ ನ್ಯಾಯ ಬೇರೆ. ಈ ಮಣ್ಣಿನಲ್ಲಿ ನೀರು ನಿಧಾನವಾಗಿ ಇಂಗುತ್ತದೆ. ಆದ್ದರಿಂದ 10 ಮೀಟರಿಗೆ 2 ರಿಂದ 3 ಸೆಂ.ಮೀ. ಇಳಿಜಾರನ್ನು ಉಳಿಸಿ, ಹೆಚ್ಚಾದ ನೀರು ಬದುವಿನ ಗುಂಟ ನಿಧಾನವಾಗಿ ಕೋಡಿಗೆ ಹೋಗುವಂತೆ ಮಾಡಿರಿ. ನಮ್ಮ ಉದ್ದೇಶ ಒಳಗಿನ ಗುಂಡಿ-ದಿಬ್ಬಗಳನ್ನು ತೆಗೆಯುವುದೇ ಹೊರತು ಹೊಲವನ್ನು ಕೆರೆ ಮಾಡುವುದಲ್ಲ.

ಕೆಲಸದ ಕ್ರಮ

ರೋಹಿಣಿ ಮಳೆಯ ಸುಮಾರಿಗೆ, ಒಂದು ಹದ ಮಳೆಯಾದ ಮೇಲೆ ಈ ಕೆಲಸಕ್ಕೆ ಸಕಾಲ. ಬೇಸಿಗೆಯ ಒಣ ಎರೆ ಹೆಂಟೆಯಾಗಿ ಏಳುತ್ತದೆ. ಹಸಿ ಎರೆ ಹಲಗೆಗೆ ಮೆತ್ತಿ, ಗಾಲಿಯ ಕೆಳಗೆ ಗಟ್ಟಿಯಾಗುತ್ತದೆ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಮೊಣಕಾಲೆತ್ತರದಿಂದ ಬಿಡಿರಿ. ಉಂಡೆ ಒಡೆದು ಪುಡಿಯಾದರೆ ಹದ ಬಂದಿದೆ. ಚಪ್ಪಟೆಯಾದರೆ ಇನ್ನೆರಡು ದಿನ ಕಾಯಿರಿ.

1. ಸಣ್ಣ ಟ್ರ್ಯಾಕ್ಟರಿಗೆ ಗಟ್ಟಿ ನೆಲವನ್ನು ಕೆರೆಯುವ ಬಲವಿಲ್ಲ. ದಿನ್ನೆಯನ್ನು ಮೊದಲು ಕಲ್ಟಿವೇಟರಿನಿಂದ ಸಡಿಲಿಸಿ, ಆಮೇಲೆ ಹಲಗೆ ಕಟ್ಟಿರಿ.

2. ಕಡಿತ ಹೆಚ್ಚಿರುವ ಕಡೆ ಮೇಲಿನ 10 ಸೆಂ.ಮೀ. ಕಪ್ಪು ಮಣ್ಣನ್ನು ಬದಿಗೆ ರಾಶಿ ಮಾಡಿಕೊಂಡು, ಕೆಳಗಿನ ಮಣ್ಣಿನಿಂದ ತಗ್ಗು ತುಂಬಿ, ರಾಶಿಯನ್ನು ಮತ್ತೆ ಮೇಲೆ ಹರಡಿರಿ. ಒಂದು ವರ್ಷಕ್ಕೆ 10 ರಿಂದ 15 ಸೆಂ.ಮೀ.ಗಿಂತ ಹೆಚ್ಚು ಕಡಿಯಬಾರದು. ಬಿಳಿ ಸುಣ್ಣದ ಹರಳು ಕಂಡ ಕೂಡಲೇ ನಿಲ್ಲಿಸಿರಿ. ಉಳಿದದ್ದನ್ನು ಮುಂದಿನ ವರ್ಷ ನೋಡಿದರಾಯಿತು.

3. ಮೊದಲ ಗೇರಿನಲ್ಲಿ ಸಾವಕಾಶವಾಗಿ, ಹಲಗೆಯ ತುಂಬ ಒತ್ತದೆ, ತೆಳುವಾಗಿ ಹಲವು ಸಲ ಎಳೆಯಿರಿ. ಕೊನೆಯಲ್ಲಿ ಇಳಿಜಾರಿಗೆ ಅಡ್ಡಲಾಗಿ ಒಂದು ಸುತ್ತು ಹರಗಿರಿ.

4. ತುಂಬಿದ ಮಣ್ಣು ಕುಸಿಯುತ್ತದೆ. ಪ್ರತಿ 10 ಸೆಂ.ಮೀ. ತುಂಬಿಗೆ ಒಂದೂವರೆ-ಎರಡು ಸೆಂ.ಮೀ. ಹೆಚ್ಚಿಗೆ ಹಾಕಿರಿ.

ಒಂದು ಎಚ್ಚರಿಕೆ. ಹಲಗೆ ನೆಲ ಕಚ್ಚಲೆಂದು ಅದರ ಮೇಲೆ ಹುಡುಗರನ್ನು ಕೂರಿಸುವ ರೂಢಿ ಅಲ್ಲಲ್ಲಿ ಇದೆ. ಎತ್ತಿನ ಕುಂಟೆಯ ಮೇಲೆ ನಿಂತಂತೆ ಇದಲ್ಲ. ಎತ್ತು ಕೂಗಿದರೆ ನಿಲ್ಲುತ್ತದೆ, ಯಂತ್ರ ನಿಲ್ಲುವುದಿಲ್ಲ. ಭಾರ ಬೇಕಾದರೆ ಕಲ್ಲು ಅಥವಾ ಮರಳು ಚೀಲವನ್ನು ಬಿಗಿದು ಕಟ್ಟಿರಿ. ಮಡ್‌ಗಾರ್ಡಿನ ಮೇಲೂ ಮಕ್ಕಳು ಬೇಡ. ಬದುವಿನ ಅಂಚಿನಲ್ಲಿ ತಿರುಗಿಸುವಾಗ ಹಲಗೆಯನ್ನು ತುಸುವೇ ಎತ್ತಿ, ವೇಗ ತಗ್ಗಿಸಿರಿ.

ಕಡಿದ ಜಾಗದ ಆರೈಕೆ

ಕಡಿದ ಜಾಗ ಬಡವಾಗಿರುತ್ತದೆ. ಅಲ್ಲಿಗೆ ಗುಂಟೆಗೆ 2 ರಿಂದ 3 ಕ್ವಿಂಟಾಲ್ ಕೊಟ್ಟಿಗೆ ಗೊಬ್ಬರ ಮತ್ತು ಕಾಲು ಕಿಲೋ ಸತುವಿನ ಸಲ್ಫೇಟ್ ಕೊಡಿರಿ. ಮುಂಗಾರಿ ತೇವ ಸಿಕ್ಕರೆ ಸೆಣಬು ಚೆಲ್ಲಿ, ಹೂ ಬರುವ ಮೊದಲು ಮಣ್ಣಿಗೆ ಸೇರಿಸಿರಿ. ಹೊಲ ಖಾಲಿ ಇರುವ ಜೂನ್-ಜುಲೈನಲ್ಲಿ ಚೌಕು ಮಡಿ ಕಟ್ಟಿದರೆ ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಬಿತ್ತುವ ಮುಂಚೆ ಕುಂಟೆ ಹೊಡೆದು ಮಡಿ ಒಡೆಯಬೇಕು. ಈ ಮಳೆಗಳಲ್ಲಿ ತುಂಬಿದ ಮಣ್ಣೂ ಕುಳಿತುಕೊಳ್ಳುತ್ತದೆ.

ಬಿತ್ತನೆ ಮತ್ತು ಮರುಬಿತ್ತನೆ

ಬಿತ್ತುವ ಮುನ್ನ ತುಂಬಿದ ಜಾಗದ ಮೇಲೆ ನಡೆದು ನೋಡಿರಿ. ಹಿಮ್ಮಡಿ ಎರಡು ಬೆರಳಿಗಿಂತ ಆಳ ಇಳಿದರೆ ಮರದ ದಿಮ್ಮಿ ಎಳೆದು ಒತ್ತಿರಿ. ಇಲ್ಲವಾದರೆ ಬೀಜ ಆಳಕ್ಕೆ ಬಿದ್ದು ಮೇಲೇಳಲಾರದು.

ಹಿಂಗಾರಿ ಜೋಳಕ್ಕೆ ಉತ್ತರೆ, ಹಸ್ತ ಮಳೆಗಳೇ ಸಕಾಲ. ಎಂ. 35-1 ಜೋಳವಾದರೆ ಎಕರೆಗೆ 3 ಕಿಲೋ ಬೀಜ ಸಾಕು. ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ, ಬೀಜವನ್ನು 8 ತಾಸು ನೆನೆಸಿ, ನೆರಳಿನಲ್ಲಿ ಒಣಗಿಸಿ ಬಿತ್ತಿದರೆ ಸಸಿಗೆ ಬರ ತಡೆಯುವ ಶಕ್ತಿ ಬರುತ್ತದೆ. ಸಾಲಿನ ಅಂತರ 45 ಸೆಂ.ಮೀ., ಗಿಡದ ಅಂತರ 15 ಸೆಂ.ಮೀ., ಆಳ 5 ಸೆಂ.ಮೀ. ಇರಲಿ.

ಬಿತ್ತಿದ ಎಂಟನೆಯ ದಿನ ಹತ್ತು ಮೀಟರ್ ಸಾಲಿನಲ್ಲಿ ಸಸಿ ಎಣಿಸಿರಿ. 66 ಸಸಿ ಇದ್ದರೆ ಪೂರ್ಣ. 45ಕ್ಕಿಂತ ಹೆಚ್ಚಿದ್ದರೆ ಮುಟ್ಟಬೇಡಿರಿ. 30 ರಿಂದ 45 ಇದ್ದರೆ ನೆನೆಸಿದ ಬೀಜವನ್ನು ಬಿಟ್ಟ ಜಾಗಗಳಲ್ಲಿ ಅಂದೇ ಊರಿರಿ. 30ಕ್ಕೂ ಕಡಿಮೆ ಇದ್ದ ತುಂಡನ್ನು ಹರಗಿ ಹೊಸದಾಗಿ ಬಿತ್ತಿರಿ. ಇದರಲ್ಲಿ ತಡಮಾಡಿದರೆ ಒಂದೇ ಹೊಲದಲ್ಲಿ ತೆನೆ ಹಿಂದು-ಮುಂದಾಗಿ, ಹಕ್ಕಿ ಕಾಯುವ ದಿನಗಳು ಬೆಳೆಯುತ್ತವೆ.

ಚಿತ್ತೆ ಮಳೆ ಬಂದಮೇಲೆ ಜೋಳದ ಆಸೆ ಬಿಡಿರಿ. ಆ ತುಂಡಿಗೆ ಜೆ.ಜಿ.-11 ಕಡಲೆಯನ್ನು 30 ಸೆಂ.ಮೀ. ಸಾಲಿನಲ್ಲಿ ಎಕರೆಗೆ 20 ರಿಂದ 25 ಕಿಲೋದಂತೆ ಬಿತ್ತಬಹುದು. ನೀರು ಇನ್ನೂ ನಿಲ್ಲುವ ಜಾಗಕ್ಕೆ ಮಾತ್ರ ಕಡಲೆ ಹಾಕಬೇಡಿರಿ. ಮೊದಲು ನೀರಿಗೆ ದಾರಿ ಮಾಡಿರಿ.

ಸಂದೇಹವಿದ್ದಲ್ಲಿ ಹಗರಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಬಳ್ಳಾರಿಯಲ್ಲಿ 1954 ರಿಂದ ಕೆಲಸ ಮಾಡುತ್ತಿರುವ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರವನ್ನಾಗಲಿ ಕೇಳಿರಿ. ಈ ವರ್ಷ ಇಡೀ ಹೊಲಕ್ಕೆ ಕೈ ಹಾಕುವುದು ಬೇಡ. ಅತಿ ಕೆಟ್ಟ ಒಂದು ತುಂಡನ್ನು ತಿದ್ದಿ, ಅದರ ಪಕ್ಕದ ತುಂಡನ್ನು ಹಾಗೆಯೇ ಬಿಟ್ಟು, ಸುಗ್ಗಿಯಲ್ಲಿ ಎರಡರ ರಾಶಿಯನ್ನೂ ಬೇರೆ ಬೇರೆ ಅಳೆಯಿರಿ. ಮುಂದಿನ ವರ್ಷ ಏನು ಮಾಡಬೇಕೆಂಬುದನ್ನು ಆ ಎರಡು ರಾಶಿಗಳೇ ನಿಮಗೆ ಹೇಳುತ್ತವೆ.